ಒಲಿಂಪಿಕ್ ರಸ್ತೆಯಲ್ಲಿ ವಹಾಕಾದ ಊಟ

ಬೆಂಗಳೂರಿನ ಮಾಲುಗಳಲ್ಲಾಗಲಿ, ಅಮೆರಿಕದ ಹೆದ್ದಾರಿ ಬದಿಯ ಹೋಟೆಲುಗಳಲ್ಲಾಗಲಿ ಮೆಕ್ಸಿಕನ್ ಊಟವೆಂಬ ಹೆಸರಿನಲ್ಲಿ ಸಿಗುವುದು ಬಹುಮಟ್ಟಿಗೆ ಗೋಧಿ ರೊಟ್ಟಿಯಲ್ಲಿ ಸುತ್ತಿದ ಬುರಿಟೊ, ಗರಿಗರಿಯಾದ ಚಿಪ್ಸಿನ ಮೇಲೆ ಹಳದಿ ಚೀಸ್ ಕರಗಿಸಿ ಸುರಿದ ನಾಚೋಸ್, ಕರಿದು ಮಡಿಚಿದ ಗಟ್ಟಿ ಟಾಕೊ. ಇವುಗಳಲ್ಲಿ ಹೆಚ್ಚಿನವು ಮೆಕ್ಸಿಕೊದ ಉತ್ತರದ ಗಡಿಯಲ್ಲಿ, ಗೋಧಿ ಬೆಳೆಯುವ ಮತ್ತು ದನ ಸಾಕುವ ಒಣ ಸೀಮೆಯಲ್ಲಿ ಬೇರು ಬಿಟ್ಟು, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ರೂಪ ಬದಲಿಸಿಕೊಂಡು ಜಗತ್ತಿಗೆ ಹರಡಿದ ತಿನಿಸುಗಳು. 31 ರಾಜ್ಯಗಳೂ ಒಂದು ರಾಜಧಾನಿಯೂ ಸೇರಿದ ಆ ವಿಶಾಲ ದೇಶದಲ್ಲಿ ಪ್ರತಿಯೊಂದು ಸೀಮೆಗೂ ಅದರದೇ ಮೆಣಸಿನಕಾಯಿ, ಅದರದೇ ಜೋಳ, ಅದರದೇ ಹಬ್ಬದಡುಗೆ ಉಂಟೆಂಬುದು ಹೊರಗಿನವರ ಗಮನಕ್ಕೆ ಬಂದದ್ದು ತೀರ ತಡವಾಗಿ. ಆ ತಿಳಿವಳಿಕೆಯನ್ನು ಅಮೆರಿಕದಲ್ಲಿ ಬೆಳೆಸಿದ ಊಟದ ಮನೆಗಳಲ್ಲಿ ಲಾಸ್ ಏಂಜಲೀಸ್ ನಗರದ ಒಲಿಂಪಿಕ್ ರಸ್ತೆಯಲ್ಲಿರುವ ‘ಗೆಲಗೆತ್ಸಾ’ಕ್ಕೆ ದೊಡ್ಡ ಸ್ಥಾನವಿದೆ. 1994ರಲ್ಲಿ ಆರಂಭವಾಗಿ ಮೂರು ದಶಕಗಳನ್ನು ದಾಟಿರುವ ಈ ಹೋಟೆಲು ದಕ್ಷಿಣ ಮೆಕ್ಸಿಕೊದ ವಹಾಕಾ ಎಂಬ ಒಂದೇ ರಾಜ್ಯದ ಅಡುಗೆಯನ್ನು ಬಡಿಸುತ್ತ ಬಂದಿದೆ. ಅದು ಇಷ್ಟು ಕಾಲ ಬಾಳಿದ್ದಕ್ಕೆ ಕಾರಣ ಹುಡುಕಹೊರಟರೆ, ಅಡುಗೆಯವರ ಕೈಗುಣಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅಲ್ಲಿಗೆ ಮೊದಲು ಉಣ್ಣಲು ಬಂದ ಜನ. ವಹಾಕಾದ ಹಳ್ಳಿಗಳಿಂದಲೇ ವಲಸೆ ಬಂದು ನಗರದ ಹೋಟೆಲುಗಳ ಅಡುಗೆಮನೆಗಳಲ್ಲಿ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ, ಉಳ್ಳವರ ಮನೆಯಂಗಳದ ತೋಟಗಳಲ್ಲಿ ದುಡಿಯುತ್ತಿದ್ದ ಆ ಜನರ ನಾಲಿಗೆಗೆ ತಾಯಂದಿರ ಅಡುಗೆಯ ನೆನಪು ಇನ್ನೂ ಹಸಿಯಾಗಿತ್ತು, ಅವರನ್ನು ಒಪ್ಪಿಸದೆ ವಹಾಕಾದ ಹೆಸರು ಹೇಳಿಕೊಂಡು ಅಂಗಡಿ ನಡೆಸುವುದು ಯಾರಿಗೂ ಸಾಧ್ಯವಿರಲಿಲ್ಲ.

ವಹಾಕಾ ರಾಜ್ಯದ ಬಹುಭಾಗ ಬೆಟ್ಟಗಳಿಂದ ಕೂಡಿದೆ. ಪೆಸಿಫಿಕ್ ಸಾಗರದ ಕರಾವಳಿ, ತೆವಾಂತೆಪೆಕ್ ಭೂಸಂಧಿಯ ಬಿಸಿ ಬಯಲು, ಮೋಡ ಕವಿಯುವ ಉತ್ತರದ ಮಲೆಸೀಮೆ, ನಡುವೆ ರಾಜಧಾನಿಯನ್ನು ಸುತ್ತುವರಿದ ಕಣಿವೆಗಳು ಹೀಗೆ ಎಂಟು ಸೀಮೆಗಳಾಗಿ ಅಲ್ಲಿನವರೇ ತಮ್ಮ ನಾಡನ್ನು ಗುರುತಿಸಿಕೊಳ್ಳುತ್ತಾರೆ. ಸ್ಥಳೀಯಾಡಳಿತ ಘಟಕಗಳ ಸಂಖ್ಯೆಯೇ 570. ಝಪೊಟೆಕ್, ಮಿಸ್ತೆಕ್, ಮಿಹೆ, ಮಸತೆಕ್ ಮೊದಲಾದ ಮೂಲನಿವಾಸಿ ಜನಾಂಗಗಳ ಭಾಷೆಗಳು ಇಂದಿಗೂ ಮನೆಮಾತುಗಳಾಗಿ ಉಳಿದಿರುವ ಈ ರಾಜ್ಯದಲ್ಲಿ ಒಂದು ಕಣಿವೆಯ ಪದ್ಧತಿ ಪಕ್ಕದ ಕಣಿವೆಗೆ ಹಾಗೆಯೇ ದಾಟುವುದಿಲ್ಲ, ಅಡುಗೆಯೂ ಅಂತೆಯೇ. ಮಿತ್ಲಾ ಎಂಬ ಊರಿನ ಸಮೀಪದ ಗಿಲಾ ನಾಕಿತ್ಸ್ ಗವಿಯಲ್ಲಿ ಪುರಾತತ್ತ್ವಜ್ಞ ಕೆಂಟ್ ಫ್ಲ್ಯಾನರಿ 1960ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ ಮನುಷ್ಯರು ಬೆಳೆಸಿದ ಕುಂಬಳಜಾತಿಯ ಬೀಜಗಳೂ ಮುಸುಕಿನ ಜೋಳದ ಪುಟ್ಟ ತೆನೆಗಳೂ ದೊರೆತವು. ಬೀಜಗಳ ವಯಸ್ಸು ಸುಮಾರು 10,000 ವರ್ಷ, ತೆನೆಗಳದು 6,000 ವರ್ಷಕ್ಕೂ ಮಿಗಿಲು. ಯುನೆಸ್ಕೊ 2010ರಲ್ಲಿ ಆ ಗವಿಯನ್ನೂ ಸುತ್ತಲಿನ ಗವಿಗಳನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ಅದೇ ವರ್ಷ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯೂ ಮಾನವಕುಲದ ಅಮೂರ್ತ ಪರಂಪರೆಯೆಂದು ಮಾನ್ಯವಾಯಿತು. ಒಲಿಂಪಿಕ್ ರಸ್ತೆಯ ಹೋಟೆಲನ್ನು ಕಟ್ಟಿದ ಕುಟುಂಬದ ಮೂಲವೂ ಆ ಗವಿಯಿರುವ ಕಣಿವೆಯೇ.

ಫೆರ್ನಾಂದೊ ಲೋಪೆಸ್ ಮತ್ತು ಅವರ ಪತ್ನಿ ಮರಿಯಾ ಮೊಂತೆರ್ರುಬಿಯೊ ಈ ಹೋಟೆಲಿನ ಸ್ಥಾಪಕರು. ಕತ್ತಾಳೆ ಜಾತಿಯ ಗಿಡದ ದಿಂಡನ್ನು ನೆಲದ ಕುಳಿಯಲ್ಲಿ ಸುಟ್ಟು, ಜಜ್ಜಿ, ಹುಳಿಯಲು ಬಿಟ್ಟು ಭಟ್ಟಿಯಿಳಿಸುವ ಮೆಸ್ಕಾಲ್ ಎಂಬ ಮದ್ಯವನ್ನು ತಯಾರಿಸುವ ಮನೆತನದಿಂದ ಬಂದ ಫೆರ್ನಾಂದೊ, 1990ರ ದಶಕದ ಮೊದಲ ವರ್ಷಗಳಲ್ಲಿ ಲಾಸ್ ಏಂಜಲೀಸಿಗೆ ಬಂದು ವಹಾಕಾದ ತಿನಿಸುಗಳನ್ನು ತಮ್ಮ ಊರ ಕಡೆಯವರ ಮನೆಬಾಗಿಲಿಗೆ ಒಯ್ದು ಮಾರುತ್ತಿದ್ದರು. ಅಂಥ ಮನೆಗಳು ಆಗಲೇ ಸಾವಿರಾರು ಇದ್ದವು. 1942ರಿಂದ 1964ರವರೆಗೆ ಅಮೆರಿಕ ಸರ್ಕಾರ ‘ಬ್ರಸೇರೊ’ ಯೋಜನೆಯಡಿ ಮೆಕ್ಸಿಕೊದಿಂದ ಗುತ್ತಿಗೆಯ ಮೇಲೆ ಕೃಷಿಕೂಲಿಗಳನ್ನು ಕರೆತಂದಾಗ ವಹಾಕಾದ ರೈತರೂ ಅವರಲ್ಲಿದ್ದರು, ಆಮೇಲೆ ತುಂಡು ಹೊಲಗಳ ಆದಾಯ ಸಾಲದೆ ಹಳ್ಳಿಗೆ ಹಳ್ಳಿಯೇ ಉತ್ತರಕ್ಕೆ ಸರಿಯಿತು. ಹೀಗೆ ಬಂದವರಿಗೆ ಲಾಸ್ ಏಂಜಲೀಸಿನ ಮೆಕ್ಸಿಕನ್ ಹೋಟೆಲುಗಳು ಒದಗಿಸುತ್ತಿದ್ದದ್ದು ಉತ್ತರ ಮತ್ತು ಪಶ್ಚಿಮ ಮೆಕ್ಸಿಕೊದ ಅಡುಗೆ. ಊರಿನ ಚೀಸ್‌ಗೆ, ಊರಿನ ಅಗಲ ರೊಟ್ಟಿಗೆ, ಮೆಣಸಿನಕಾಯಿ ಅರೆದು ಕುದಿಸಿದ ಗಟ್ಟಿ ಸಾರಾದ ಕಪ್ಪು ಮೋಲೇಗೆ ಅವರು ಹಂಬಲಿಸುತ್ತಿದ್ದರು. ಮನೆಬಾಗಿಲ ವ್ಯಾಪಾರ ಆ ಹಂಬಲದ ಅಳತೆಯನ್ನು ತೋರಿಸಿಕೊಟ್ಟಿತು, ಹೋಟೆಲು ಅದರ ಮುಂದಿನ ಹೆಜ್ಜೆ.

ಹೋಟೆಲಿಗೆ ಇಟ್ಟ ಹೆಸರೂ ಆ ಜನರನ್ನೇ ಉದ್ದೇಶಿಸಿದ್ದು. ಗೆಲಗೆತ್ಸಾ ಎಂಬುದು ಝಪೊಟೆಕ್ ಸಮಾಜದಲ್ಲಿ ಕೊಟ್ಟು ತೆಗೆದುಕೊಳ್ಳುವ ಒಂದು ಕಟ್ಟುಪಾಡು. ಒಂದು ಮನೆಯಲ್ಲಿ ಮದುವೆಯೋ ಊರದೇವರ ಹಬ್ಬವೋ ಬಂದಾಗ ಉಳಿದ ಮನೆಗಳವರು ಜೋಳ, ಕೋಳಿ, ಟರ್ಕಿ, ಕೋಕೊ ಬೀಜ, ದುಡ್ಡು ಅಥವಾ ಮೈದುಡಿಮೆಯನ್ನು ತಂದೊಪ್ಪಿಸುತ್ತಾರೆ, ಪಡೆದವರು ಮುಂದೊಂದು ದಿನ ಕೊಟ್ಟವರ ಮನೆಯ ಕಾರ್ಯಕ್ಕೆ ಅಷ್ಟನ್ನೇ ಹಿಂದಿರುಗಿಸುತ್ತಾರೆ. ನೇಕಾರರ ಊರಾದ ತೆಯೊತಿತ್ಲಾನ್ ದೆಲ್ ವಾಯೆಯಲ್ಲಿ ದೀರ್ಘಕಾಲ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞೆ ಲಿನ್ ಸ್ಟೀಫನ್, ಮನೆಮನೆಗಳಲ್ಲಿ ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಪದ್ಧತಿಯನ್ನು ದಾಖಲಿಸಿದ್ದಾರೆ. ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಸಿಕೊಳ್ಳುವುದನ್ನೂ ನಾಟಿಯ ಕಾಲಕ್ಕೆ ಮುಯ್ಯಾಳಾಗಿ ಹೋಗಿಬರುವುದನ್ನೂ ಬಲ್ಲ ಕನ್ನಡದ ಹಳ್ಳಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದೇ ಹೆಸರಿನ ದೊಡ್ಡ ಉತ್ಸವವೊಂದು ವಹಾಕಾ ನಗರದ ಫೋರ್ತಿನ್ ಗುಡ್ಡದ ಮೇಲೆ ಜುಲೈ ತಿಂಗಳ ಎರಡು ಸೋಮವಾರಗಳಂದು ನಡೆಯುತ್ತದೆ. ನಗರದ 400ನೆಯ ವರ್ಷಾಚರಣೆಯ ಅಂಗವಾಗಿ 1932ರಲ್ಲಿ ಏರ್ಪಟ್ಟ ಸಮಾರಂಭದಿಂದ ಅದರ ಈಗಿನ ರೂಪ ಬೆಳೆಯಿತು. ಬೇರೆ ಬೇರೆ ಸೀಮೆಗಳ ನೃತ್ಯತಂಡಗಳು ಕುಣಿತ ಮುಗಿದ ಮೇಲೆ ತಮ್ಮ ಸೀಮೆಯ ಹಣ್ಣು, ಬ್ರೆಡ್, ಚಾಕೊಲೇಟ್‌ಗಳನ್ನು ಜನರತ್ತ ಎಸೆಯುವುದು ಆ ಉತ್ಸವದ ವಾಡಿಕೆ. ಹಣ ತೆತ್ತು ಉಣ್ಣುವ ಜಾಗಕ್ಕೆ ಋಣದ ಹೆಸರನ್ನು ಇಡುವುದು ಸಲೀಸಾದ ಮಾತಲ್ಲ. ಆದರೆ ಊರಿನ ಹಬ್ಬಕ್ಕೆ ಹೋಗಲು ವೀಸಾ, ದಾಖಲೆ, ರಜೆ ಯಾವುದೂ ಇಲ್ಲದ ಸಾವಿರಾರು ವಲಸಿಗರ ಪಾಲಿಗೆ ಮದುವೆ, ನಾಮಕರಣ, ಹುಡುಗಿಯರ ಹದಿನೈದನೆಯ ಹುಟ್ಟುಹಬ್ಬಗಳ ಊಟ ನಡೆಯಬಹುದಾದ ಸ್ಥಳ ಇದಾದಾಗ ಆ ಹೆಸರು ಒಪ್ಪಿತು.

ಹೋಟೆಲಿರುವ ಕಟ್ಟಡಕ್ಕೂ ಒಂದು ವಲಸೆಯ ಚರಿತ್ರೆಯಿದೆ. ಲಾಸ್ ಏಂಜಲೀಸಿನ ಕೊರಿಯಾಟೌನ್ ಬಡಾವಣೆಯನ್ನು ಬೆಳೆಸಿದವರಲ್ಲಿ ಮೊದಲಿಗರಾದ ಹಿ ಡಕ್ ಲೀ ಎಂಬ ಉದ್ಯಮಿ 1975ರಲ್ಲಿ ‘ವಿಐಪಿ ಪ್ಯಾಲೆಸ್’ ಎಂಬ ಕೊರಿಯನ್ ಭೋಜನಶಾಲೆಗಾಗಿ ಕಟ್ಟಿಸಿದ ಆ ಕಟ್ಟಡಕ್ಕೆ ಕೊರಿಯಾದ ಅರಮನೆಗಳ ಮಾದರಿಯಲ್ಲಿ ಅಂಚು ಬಾಗಿದ ಹೆಂಚಿನ ಮಾಡು ಇದೆ. ಮೊದಲು ಎಂಟನೆಯ ಬೀದಿಯ ಸಣ್ಣ ಜಾಗದಲ್ಲಿದ್ದ ಗೆಲಗೆತ್ಸಾ ಮುಂದೆ ಇಲ್ಲಿಗೆ ಬಂದಾಗ ಆ ಮಾಡನ್ನು ಕೆಡವಲಿಲ್ಲ, ಅದರ ಕೆಳಗೆ ವಹಾಕಾದ ಬಣ್ಣಗಳು ಬಂದವು. ಹೆಸರಿನಲ್ಲಿ ಕೊರಿಯಾ ಇದ್ದರೂ ಈ ಬಡಾವಣೆಯ ನಿವಾಸಿಗಳಲ್ಲಿ ಲ್ಯಾಟಿನ್ ಅಮೆರಿಕ ಮೂಲದವರೇ ಹೆಚ್ಚಿದ್ದು, ಅವರಲ್ಲಿ ಝಪೊಟೆಕ್ ಮನೆಮಾತಿನವರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಒಂದು ವಲಸಿಗ ಸಮುದಾಯ ಎದ್ದು ನಿಂತು ಬಿಟ್ಟುಹೋದ ಸೂರನ್ನು ಮತ್ತೊಂದು ವಲಸಿಗ ಸಮುದಾಯ ಹೀಗೆ ಕಾಪಾಡಿಕೊಂಡಿರುವುದು ಆ ನಗರದ ಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದ ಸಂಗತಿ.

ಇನ್ನು ಊಟದ ವಿಷಯ. ಮೇಜಿನ ಮುಂದೆ ಕುಳಿತವರಿಗೆ ಮೊದಲು ಬರುವುದು ಜೋಳದ ಚಿಪ್ಸ್. ಇತರ ಮೆಕ್ಸಿಕನ್ ಹೋಟೆಲುಗಳಲ್ಲಿ ಅದರ ಜೊತೆಗೆ ಟೊಮೆಟೊ ಚಟ್ನಿಯ ಬಟ್ಟಲು ಇರುವುದು ರೂಢಿಯಾದರೆ ಇಲ್ಲಿ ಚಿಪ್ಸಿನ ಮೇಲೆಯೇ ಇಟ್ಟಿಗೆ ಬಣ್ಣದ ಕೊಲೊರಾದೀತೊ ಮೋಲೇಯನ್ನು ಹರಡಿ, ಮೇಲೆ ಬಿಳಿಯ ಹಸಿ ಚೀಸನ್ನು ಪುಡಿ ಮಾಡಿ ಉದುರಿಸಿರುತ್ತಾರೆ. ಒಣಮೆಣಸಿನಕಾಯಿಯ ಹಣ್ಣುಹಣ್ಣಾದ ಸಿಹಿ, ಎಳ್ಳಿನ ಜಿಡ್ಡು, ಚಕ್ಕೆಯ ಸುಳಿವು ಒಟ್ಟಿಗೆ ನಾಲಿಗೆಗೆ ತಾಗುವ ಈ ಮೊದಲ ತುತ್ತಿನಲ್ಲಿ ಬಂದವರಿಗೆ ತಾವು ಯಾವ ಸೀಮೆಯ ಮನೆಗೆ ಬಂದಿದ್ದೇವೆಂಬುದು ತಿಳಿದುಹೋಗುತ್ತದೆ.

ಮೋಲೇ ಎಂದರೆ ಮೆಣಸಿನಕಾಯಿ, ಬೀಜಗಳು, ಮಸಾಲೆ, ಕೆಲವೊಮ್ಮೆ ಹಣ್ಣು ಮತ್ತು ಸೊಪ್ಪುಗಳನ್ನು ಅರೆದು ಕುದಿಸಿದ ಗಟ್ಟಿ ಸಾರಿಗೆ ಇರುವ ಒಟ್ಟು ಹೆಸರು. ಸ್ಪೇನಿನವರು ಬರುವುದಕ್ಕೆ ಮೊದಲೇ ಅಜ್ಟೆಕ್ ಜನರ ಊಟದಲ್ಲಿ ಮೆಣಸಿನಕಾಯಿಯ ಇಂಥ ಸಾರುಗಳು ಬಗೆಬಗೆಯಲ್ಲಿದ್ದವೆಂದು 16ನೆಯ ಶತಮಾನದಲ್ಲಿ ಪಾದ್ರಿ ಬೆರ್ನಾರ್ದಿನೊ ದೆ ಸಹಗುನ್ ಸಂಗ್ರಹಿಸಿದ ಬೃಹತ್ ವರದಿಯಿಂದ ತಿಳಿಯುತ್ತದೆ. ಪ್ಯುಯೆಬ್ಲಾ ನಗರದ ಕ್ರೈಸ್ತ ಸನ್ಯಾಸಿನಿಯರು ಆತುರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಅರೆದು ಮೋಲೇಯನ್ನು ಕಂಡುಹಿಡಿದರೆಂಬ ಪ್ರಚಲಿತ ಕಥೆ ಕೇಳಲು ಸೊಗಸಾಗಿದ್ದರೂ ಅದು ಕಥೆಯೇ. ವಹಾಕಾವನ್ನು ‘ಏಳು ಮೋಲೇಗಳ ನಾಡು’ ಎಂದು ಕರೆಯುವುದು ರೂಢಿಯಾಗಿದೆ. ಕಪ್ಪು, ಕೆಂಪು, ಕೊಲೊರಾದೀತೊ, ಹಳದಿ, ಹಸಿರು, ಚಿಚೀಲೊ ಮತ್ತು ಅನಾನಸ್, ಬಾಳೆಹಣ್ಣುಗಳನ್ನು ಸೇರಿಸಿ ಮಾಡುವ ಮಂಚಮಂತೇಲೆಸ್ ಎಂದು ಆ ಏಳನ್ನು ಎಣಿಸುತ್ತಾರೆ. ಪ್ರವಾಸಿಗರಿಗೆ ಅನುಕೂಲವಾದ ಈ ಎಣಿಕೆಯನ್ನು ಹೆಚ್ಚು ನೆಚ್ಚಬೇಕಾಗಿಲ್ಲ. ಬಾದಾಮಿ, ಆಲಿವ್ ಕಾಯಿಗಳಿಂದ ಮಾಡುವ ಎಸ್ತೊಫಾದೊ ಆ ಪಟ್ಟಿಯ ಹೊರಗೇ ಉಳಿಯುತ್ತದೆ, ಒಂದೇ ಹೆಸರಿನ ಮೋಲೇ ಎರಡು ಊರುಗಳಲ್ಲಿ ಎರಡು ಬಗೆಯಾಗಿರುತ್ತದೆ, ಹೆಸರೇ ಇಲ್ಲದ ಮನೆಮೋಲೇಗಳಿಗಂತೂ ಲೆಕ್ಕವಿಲ್ಲ.

ಇವೆಲ್ಲದರಲ್ಲಿ ಹಿರಿಯದು ಕಪ್ಪು ಮೋಲೇ, ಅಂದರೆ ಮೋಲೇ ನೆಗ್ರೊ. ಅದರ ಜೀವಾಳವಾದ ಚಿಲ್ವಾಕ್ಲೆ ನೆಗ್ರೊ ಎಂಬ ದುಂಡನೆಯ ಕಪ್ಪು ಮೆಣಸಿನಕಾಯಿ ಬೆಳೆಯುವುದು ವಹಾಕಾದ ಕನ್ಯಾದಾ ಎಂಬ ಸೀಮೆಯಲ್ಲಿ, ಕುಯಿಕತ್ಲಾನ್ ಊರಿನ ಸುತ್ತಮುತ್ತ. ಬೆಳೆಗಾರರು ಕಡಿಮೆ, ಬೆಲೆ ಹೆಚ್ಚು, ಹಾಗಾಗಿ ಮುಲಾತೊ ಮತ್ತು ಪಸೀಯಾ ಎಂಬ ಬೇರೆ ಕಪ್ಪು ತಳಿಗಳನ್ನೂ ಜೊತೆಗೆ ಬಳಸುತ್ತಾರೆ. ಮೆಣಸಿನಕಾಯಿಯ ತೊಟ್ಟು ಮುರಿದು, ಬೀಜ ಬೇರ್ಪಡಿಸಿ, ಸಿಪ್ಪೆಯನ್ನು ಹದವಾಗಿ ಹುರಿದ ಮೇಲೆ ಬೀಜಗಳನ್ನು ಮಣ್ಣಿನ ಕಾವಲಿಯ ಮೇಲೆ ಪೂರ್ತಿ ಕರಕಲಾಗುವಂತೆ ಸುಡುತ್ತಾರೆ. ಆಗ ಏಳುವ ಘಾಟು ಮನೆಯೊಳಗೆ ಯಾರನ್ನೂ ನಿಲ್ಲಗೊಡದಷ್ಟು ಪ್ರಬಲವಾದ್ದರಿಂದ ಈ ಕೆಲಸ ಹಿತ್ತಿಲಲ್ಲೋ ಅಂಗಳದಲ್ಲೋ ನಡೆಯುತ್ತದೆ. ಕರಕಲಾದ ಬೀಜವನ್ನು ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ ಕಹಿಯನ್ನು ತೆಗೆಯುತ್ತಾರೆ, ಜೋಳದ ರೊಟ್ಟಿಯನ್ನೂ ಹಾಗೆಯೇ ಸುಟ್ಟು ಕಪ್ಪಾಗಿಸುತ್ತಾರೆ. ಎಳ್ಳು, ಬಾದಾಮಿ, ಕಡಲೆಕಾಯಿ, ಒಣದ್ರಾಕ್ಷಿ, ಬಾಳೆಹಣ್ಣು, ಬ್ರೆಡ್ಡಿನ ತುಂಡು ಇವನ್ನೆಲ್ಲ ಒಟ್ಟಿಗೆ ಹಾಕದೆ, ಒಂದೊಂದನ್ನೂ ಅದರದರ ಹದಕ್ಕೆ ತಕ್ಕಂತೆ ಪ್ರತ್ಯೇಕವಾಗಿ ಕರಿದು ತೆಗೆಯುವುದೇ ಈ ಪಾಕದ ಕಷ್ಟದ ಭಾಗ, ಏಕೆಂದರೆ ಎಳ್ಳು ಒಂದು ಕ್ಷಣ ಹೆಚ್ಚು ಸೀದರೂ ಇಡೀ ಹಂಡೆಗೆ ಕಹಿ ಇಳಿಯುತ್ತದೆ. ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಸುಟ್ಟು, ಲವಂಗ, ಕರಿಮೆಣಸು, ಚಕ್ಕೆ, ಓರೆಗಾನೊ ಸೇರಿಸಿ ಅರೆದು, ಆ ಮುದ್ದೆಯನ್ನು ಹಂದಿಯ ಕೊಬ್ಬಿನಲ್ಲಿ ಬಾಡಿಸಿ, ಕೋಳಿ ಅಥವಾ ಟರ್ಕಿ ಬೇಯಿಸಿದ ನೀರನ್ನು ಸ್ವಲ್ಪಸ್ವಲ್ಪವಾಗಿ ಎರೆಯುತ್ತ ಗಂಟೆಗಟ್ಟಲೆ ಕೈಯಾಡಿಸುತ್ತಾರೆ. ಬೆಣ್ಣೆಹಣ್ಣಿನ ಗಿಡದ ಎಲೆಯೂ ಚಾಕೊಲೇಟೂ ಬೀಳುವುದು ಕೊನೆಗೆ. ಚಾಕೊಲೇಟಿನ ಪ್ರಮಾಣ ಸಣ್ಣದು, ಮೋಲೇಯನ್ನು ‘ಚಾಕೊಲೇಟ್ ಸಾಸ್’ ಎಂದು ಕರೆಯುವುದು ಇಷ್ಟೆಲ್ಲ ದುಡಿಮೆಗೆ ಮಾಡುವ ಅನ್ಯಾಯ.

ಮನೆಯಲ್ಲಿ ಈ ಕೆಲಸಕ್ಕೆ ಎರಡು ಮೂರು ದಿನಗಳೂ ಹಲವು ಹೆಂಗಸರ ಕೈಗಳೂ ಬೇಕು, ಆದ್ದರಿಂದಲೇ ಅದು ಮದುವೆಗೆ, ನವೆಂಬರ್ ಆರಂಭದ ಪಿತೃಗಳ ಹಬ್ಬಕ್ಕೆ, ಊರದೇವರ ಉತ್ಸವಕ್ಕೆ ಮೀಸಲಾದ ಅಡುಗೆ. ವರ್ಷಕ್ಕೆ ಕೆಲವೇ ಬಾರಿ ಇಡೀ ಬಂಧುಬಳಗ ಸೇರಿ ಮಾಡುವ ಈ ಪಾಕವನ್ನು ನಿತ್ಯವೂ, ಯಾರು ಕೇಳಿದರೂ, ಅದೇ ಹದದಲ್ಲಿ ಒದಗಿಸುತ್ತೇವೆಂದು ಒಂದು ಹೋಟೆಲು ಹೊಣೆ ಹೊರುವುದು ಎಷ್ಟು ಭಾರದ ಮಾತೆಂಬುದನ್ನು ಉಣ್ಣುವವರು ತಿಳಿದಿರಬೇಕು. ಗೆಲಗೆತ್ಸಾದಲ್ಲಿ ಆ ಹೊಣೆ ಮೊದಲಿಗೆ ಮರಿಯಾ ಅವರ ಅಡುಗೆಮನೆಯದಾಗಿತ್ತು. ಒಣಮೆಣಸಿನಕಾಯಿ, ಚಾಕೊಲೇಟುಗಳಂಥ ಮುಖ್ಯ ಸಾಮಗ್ರಿಗೆ ವಹಾಕಾವನ್ನೇ ನೆಚ್ಚುವ ಪದ್ಧತಿ ಆರಂಭದಿಂದಲೂ ಇತ್ತು, ಅಗ್ಗದ ಬದಲಿಗಳು ಲಾಸ್ ಏಂಜಲೀಸಿನಲ್ಲೇ ಧಾರಾಳವಾಗಿ ಸಿಗುತ್ತಿದ್ದ ಕಾಲದಲ್ಲಿ ಇದು ಲಾಭದ ದಾರಿಯಾಗಿರಲಿಲ್ಲ. ಅಲ್ಲಿ ಬಡಿಸುವ ಕಪ್ಪು ಮೋಲೇ ಹೊಳೆಯುವ ಕಾಡಿಗೆಯ ಬಣ್ಣದ್ದು. ಮೊದಲು ಸಿಹಿ, ಆಮೇಲೆ ಸುಟ್ಟ ಹೊಗೆಯ ಕಹಿ, ಕೊನೆಗೆ ಗಂಟಲಲ್ಲಿ ಮೆಲ್ಲನೆ ಏಳುವ ಖಾರ, ಅದರಲ್ಲಿ ಮುಳುಗಿದ ಕೋಳಿ ಬರಿಯ ನೆಪ. ಮೊದಲ ಸಲ ಬಂದವರಿಗೆ ನಾಲ್ಕು ಮೋಲೇಗಳನ್ನು ಒಟ್ಟಿಗೆ ಕೊಡುವ ‘ಫೆಸ್ತಿವಾಲ್ ದೆ ಮೋಲೇಸ್’ ಎಂಬ ತಟ್ಟೆ ಹೋಲಿಸಿ ನೋಡಲು ಉಪಯುಕ್ತ. ಆದರೆ ಕಪ್ಪು ಮೋಲೇಯನ್ನು ಅದಕ್ಕೊಂದೇ ತಟ್ಟೆ ಕೊಟ್ಟು, ಅನ್ನದೊಂದಿಗೂ ಜೋಳದ ರೊಟ್ಟಿಯೊಂದಿಗೂ ನಿಧಾನವಾಗಿ ಉಣ್ಣುವುದೇ ಸರಿಯಾದ ಕ್ರಮ.

ರೊಟ್ಟಿಯ ಮಾತಿಗೆ ಬಂದರೆ, ಇಡೀ ಮೆಕ್ಸಿಕೊದ ಊಟ ನಿಂತಿರುವುದು ನಿಸ್ತಮಾಲ್ ಎಂಬ ಸಂಸ್ಕಾರದ ಮೇಲೆ. ಒಣಗಿದ ಮುಸುಕಿನ ಜೋಳವನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಕುದಿಸಿ ರಾತ್ರಿಯಿಡೀ ನೆನೆಯಲು ಬಿಟ್ಟರೆ ಕಾಳಿನ ಹೊರಸಿಪ್ಪೆ ಜಾರಿಹೋಗುತ್ತದೆ, ತೊಳೆದು ಅರೆದಾಗ ಜಿಗುಟಾದ ಹಿಟ್ಟು ಸಿಗುತ್ತದೆ, ಜೊತೆಗೆ ಜೋಳದಲ್ಲಿ ಬಂಧಿತವಾಗಿರುವ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಜೋಳವನ್ನು ಮಾತ್ರ ಒಯ್ದು ಈ ವಿದ್ಯೆಯನ್ನು ಒಯ್ಯದ ಇಟಲಿಯ ಉತ್ತರ ಭಾಗದಲ್ಲಿ 18 ಮತ್ತು 19ನೆಯ ಶತಮಾನಗಳಲ್ಲಿ, ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ 20ನೆಯ ಶತಮಾನದ ಆರಂಭದಲ್ಲಿ ಪೆಲಾಗ್ರ ರೋಗ ಬಡವರನ್ನು ಹಿಂಡಿತು. ವಹಾಕಾದ ಹೆಂಗಸರು ಕಣಿವೆಯ ಮನೆಗಳಲ್ಲಿ ಅದೇ ಹಿಟ್ಟಿನಿಂದ ತ್ಲಾಯೂದಾ ಎಂಬ, ಒಂದಡಿಗೂ ಹೆಚ್ಚು ಅಗಲದ ತೆಳು ರೊಟ್ಟಿಯನ್ನು ಕಾವಲಿಯ ಮೇಲೆ ಅರೆಒಣಗುವಂತೆ ಬೇಯಿಸುತ್ತಾರೆ. ಅದು ದಿನಗಟ್ಟಲೆ ಕೆಡದೆ ಇರುವುದರಿಂದ ದೂರದ ಪ್ರಯಾಣವನ್ನೂ ತಡೆದುಕೊಳ್ಳುತ್ತದೆ. ಲಾಸ್ ಏಂಜಲೀಸಿನ ವಲಸಿಗರ ಕೈಗೆ ಊರಿನ ತಿನಿಸುಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ತಲುಪಿದ್ದು ಇದೇ. ಹೋಟೆಲಿನಲ್ಲಿ ಅದರ ಮೇಲೆ ಆಸಿಯೆಂತೊ, ಅಂದರೆ ಹಂದಿಯ ಕೊಬ್ಬನ್ನು ಕರಗಿಸಿದಾಗ ತಳದಲ್ಲಿ ಉಳಿಯುವ ಗಸಿಯನ್ನು ಸವರಿ, ಅರೆದ ಕಪ್ಪು ಬೀನ್ಸ್ ಕಾಳನ್ನು ಹರಡಿ, ಎಳೆಎಳೆಯಾಗಿ ಬಿಡಿಸಿದ ಕೆಸೀಯೊ ಎಂಬ ಚೀಸನ್ನು ಹಾಕಿ, ತಸಾಹೊ ಎಂಬ ಉಪ್ಪುಹಚ್ಚಿದ ದನದ ಮಾಂಸದ ತೆಳುಪದರ, ಸೆಸಿನಾ ಎಂಬ ಮೆಣಸಿನಪುಡಿ ಹಚ್ಚಿದ ಹಂದಿಮಾಂಸ ಇಲ್ಲವೇ ಚೊರೀಸೊ ಸಾಸೇಜನ್ನು ಇಟ್ಟುಕೊಡುತ್ತಾರೆ. ಅಂಚು ಮುರಿಯುವಷ್ಟು ಗರಿ, ನಡುವೆ ಅಗಿಯಬೇಕಾದಷ್ಟು ಗಟ್ಟಿ. ಕೆಲವು ಲೇಖನಗಳಲ್ಲಿ ಇದನ್ನು ‘ವಹಾಕಾದ ಪಿಜ್ಜಾ’ ಎಂದು ಪರಿಚಯಿಸುವುದುಂಟು, ಆ ಮಾತಿನಿಂದ ಆಕಾರದ ಹೊರತು ಬೇರೇನೂ ತಿಳಿಯುವುದಿಲ್ಲ.

ಚಪುಲೀನೆಸ್ ಎಂಬ ಹುರಿದ ಮಿಡತೆಗಳ ಬಗ್ಗೆ ಹೊರಗಿನವರ ಕುತೂಹಲ ಅತಿಯಾಗಿದೆ. ಮಳೆಗಾಲದಲ್ಲಿ ಜೋಳ ಮತ್ತು ಕುದುರೆಮಸಾಲೆ ಸೊಪ್ಪಿನ ಹೊಲಗಳಿಂದ ಹಿಡಿದು, ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಹಾಕಿ ಹುರಿದ ಅವು ವಹಾಕಾದವರಿಗೆ ಮಕ್ಕಳ ಕಾಲದಿಂದ ಬಾಯಾಡಿಸುವ ಕುರುಕಲು, ಧೈರ್ಯಪರೀಕ್ಷೆಯ ವಸ್ತುವಲ್ಲ. ಸಿಹಿಗೆ ಸುಟ್ಟ ಹಾಲಿನ ಐಸ್‌ಕ್ರೀಮ್ ಮತ್ತು ಪಾಪಸುಕಳ್ಳಿ ಹಣ್ಣಿನ ಕೆಂಪು ಐಸನ್ನು ಜೊತೆಯಾಗಿ ತಿನ್ನುವುದು ವಹಾಕಾದ ಪದ್ಧತಿ. ಕುಡಿಯಲು ನೀರಿನಲ್ಲಿ ಕಡೆದು ನೊರೆಯೆಬ್ಬಿಸಿದ ಬಿಸಿ ಚಾಕೊಲೇಟ್ ಇದೆ, ಮೆಸ್ಕಾಲ್ ಕೂಡ ಇದೆ. ಮೆಸ್ಕಾಲ್‌ಗೆ ಮೆಕ್ಸಿಕೊ ಸರ್ಕಾರ ಮೂಲಸ್ಥಾನದ ಕಾನೂನು ರಕ್ಷಣೆ ಕೊಟ್ಟದ್ದು ಹೋಟೆಲು ಆರಂಭವಾದ 1994ರಲ್ಲಿಯೇ, ಆಗ ಅಮೆರಿಕದಲ್ಲಿ ಅದನ್ನು ಬಲ್ಲವರು ವಿರಳ.

ಈ ಅಡುಗೆಗೂ ಕರ್ನಾಟಕಕ್ಕೂ ಇರುವ ನಿಜವಾದ ನಂಟು ಮೆಣಸಿನಕಾಯಿಯದು. ಮೆಕ್ಸಿಕೊದ ನೆಲದಲ್ಲಿ ಪಳಗಿದ ಈ ಬೆಳೆ ಪೋರ್ಚುಗೀಸರ ಹಡಗುಗಳಲ್ಲಿ 16ನೆಯ ಶತಮಾನದಲ್ಲಿ ಗೋವೆಗೆ ಬಂದಿಳಿದು, ಅಲ್ಲಿಂದ ಘಟ್ಟ ಹತ್ತಿ ಕನ್ನಡ ನಾಡಿನೊಳಕ್ಕೆ ಹಬ್ಬಿತು. ಅದೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಕರಿಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರು. ಪಶ್ಚಿಮ ಘಟ್ಟದ ತವರಿನ ಆ ಕರಿಮೆಣಸು ಕಡಲುಗಳನ್ನು ದಾಟಿ ವಹಾಕಾದ ಮೋಲೇಯನ್ನು ಸೇರಿದೆ, ವಹಾಕಾದ ಕಡೆಯಿಂದ ಹೊರಟ ಮೆಣಸಿನಕಾಯಿ ಹಾವೇರಿ, ಧಾರವಾಡಗಳ ಕರಿನೆಲವನ್ನು ಸೇರಿ, ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿ ತಳಿಯಾಗಿ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಎಷ್ಟು ಉರಿಯುತ್ತದೆ ಎಂಬುದೊಂದನ್ನೇ ಕೇಳದೆ ಬಣ್ಣ, ಸುವಾಸನೆ, ಸಿಪ್ಪೆಯ ದಪ್ಪ, ಹುರಿದಾಗ ಬರುವ ರುಚಿ ಇವುಗಳ ಮೇಲೆ ಒಣಮೆಣಸಿನಕಾಯಿಯನ್ನು ಆರಿಸುವ ಅಭ್ಯಾಸ ಎರಡೂ ನಾಡುಗಳ ಅಡುಗೆಯವರಲ್ಲಿದೆ. ಆದ್ದರಿಂದ ಕನ್ನಡದ ನಾಲಿಗೆಗೆ ಕೊಲೊರಾದೀತೊ ಅಪರಿಚಿತವೆನಿಸುವುದಿಲ್ಲ.

ಹೋಟೆಲಿನ ಚರಿತ್ರೆಯಲ್ಲಿ ಮರ್ಯಾದೆಯ ಪ್ರಶ್ನೆಯೊಂದು ಮೊದಲಿನಿಂದಲೂ ಹೆಣೆದುಕೊಂಡಿದೆ. ಮೆಕ್ಸಿಕೊದಲ್ಲಿಯೂ ಅಮೆರಿಕದ ಮೆಕ್ಸಿಕನ್ ಸಮಾಜದಲ್ಲಿಯೂ ವಹಾಕಾದ ಮೂಲನಿವಾಸಿಗಳನ್ನು ಕುಳ್ಳರು, ಕರಿಯರು, ಸ್ಪ್ಯಾನಿಷ್ ಬಾರದವರು ಎಂದು ಹೀಯಾಳಿಸುವ ಕೆಟ್ಟ ರೂಢಿ ಹಳೆಯದು. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಪಟ್ಟಣದಲ್ಲಿ ಮಿಸ್ತೆಕ್ ಯುವಕರು ‘ವಹಾಕೀತಾ’ ಎಂಬ ಬೈಗುಳವನ್ನು ಶಾಲೆಗಳಿಂದ ಹೊರಹಾಕಬೇಕೆಂದು 2012ರಲ್ಲಿ ಚಳವಳಿ ಹೂಡಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ನಗರಸಭೆಯ ಅಧ್ಯಕ್ಷೆಯೇ ಕೊರಿಯಾಟೌನಿನ ವಹಾಕಾದವರ ಮೈಬಣ್ಣ ಮತ್ತು ಎತ್ತರವನ್ನು ಹಳಿದು ಆಡಿದ ಮಾತಿನ ಧ್ವನಿಮುದ್ರಣ ಬಯಲಾಗಿ, ಆಕೆ ರಾಜೀನಾಮೆ ಕೊಟ್ಟರು, ವಹಾಕಾದವರು ತಮ್ಮ ಊರುಗಳ ಉಡುಗೆ ತೊಟ್ಟು ವಾದ್ಯಗಳೊಂದಿಗೆ ಬೀದಿಗಿಳಿದು ಪ್ರತಿಭಟಿಸಿದರು. ಹೀನಾಯಕ್ಕೆ ಗುರಿಯಾದ ವಹಾಕಾದ ಹೆಸರನ್ನೇ 1994ರಲ್ಲಿ ಮುಂದಿಟ್ಟುಕೊಂಡು, ಅಡುಗೆಯನ್ನು ‘ಮೆಕ್ಸಿಕನ್’ ಎಂಬ ಸಾಮಾನ್ಯ ಹೆಸರಿನ ಮರೆಯಲ್ಲಿ ಅಡಗಿಸದೆ ನಡೆಸಿದ್ದು ಲೋಪೆಸ್ ದಂಪತಿಗಳ ದೊಡ್ಡ ಸಾಧನೆ. ನಗರದ ಸಣ್ಣ ಹೋಟೆಲುಗಳ ಮೇಲೆ ಬರೆದೇ 2007ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಜೊನಾಥನ್ ಗೋಲ್ಡ್ ಈ ಅಡುಗೆಮನೆಯನ್ನು ಮನಸಾರೆ ಮೆಚ್ಚಿ ಬರೆದರು. ಜೇಮ್ಸ್ ಬಿಯರ್ಡ್ ಪ್ರತಿಷ್ಠಾನ ತಮ್ಮ ಸಮುದಾಯದ ಗುಣವನ್ನು ಉಳಿಸಿಕೊಂಡು ಬಾಳಿದ ಹೋಟೆಲುಗಳಿಗೆ ಕೊಡುವ ‘ಅಮೆರಿಕಾಸ್ ಕ್ಲಾಸಿಕ್ಸ್’ ಗೌರವ 2015ರಲ್ಲಿ ಗೆಲಗೆತ್ಸಾಕ್ಕೆ ಬಂತು. ಈ ಗೌರವ ಬರುವ ಹೊತ್ತಿಗೆ ಊರಿನ ಜನ ತಮ್ಮ ತೀರ್ಪನ್ನು ಕೊಟ್ಟು ಎರಡು ದಶಕಗಳಾಗಿದ್ದವು.

ಸ್ಥಾಪಕರಿಂದ ಆಡಳಿತ ಈಗ ಅವರ ಮಕ್ಕಳ ಕೈಗೆ ಬಂದಿದೆ. ಬ್ರಿಸಿಯಾ, ಪೌಲಿನಾ ಮತ್ತು ಕಿರಿಯ ಫೆರ್ನಾಂದೊ ಮೋಲೇಯ ಮುದ್ದೆಯನ್ನು ಬಾಟಲಿಗಳಲ್ಲಿ ತುಂಬಿ ದೇಶದ ಬೇರೆ ಕಡೆಗಳಿಗೂ ಮಾರುತ್ತಾರೆ, ಬ್ರಿಸಿಯಾ ಅವರು ಪತ್ರಕರ್ತ ಹವಿಯೆರ್ ಕಬ್ರಾಲ್ ಜೊತೆ ಸೇರಿ ಬರೆದ ಮನೆಯಡುಗೆಯ ಪುಸ್ತಕ 2019ರಲ್ಲಿ ಪ್ರಕಟವಾಗಿದೆ. ಬಾಟಲಿಯ ಮೋಲೇ ಹಂಡೆಯ ಮೋಲೇಗೆ ಸಮವಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ, ಆದರೂ ಹಿತ್ತಿಲಿಲ್ಲದ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಬೀಜ ಸುಡಲಾಗದ ವಲಸಿಗ ಕುಟುಂಬಕ್ಕೆ ಅದು ಹಬ್ಬದ ದಿನದ ಆಸರೆ. ಎರಡನೆಯ ತಲೆಮಾರು ಅಮೆರಿಕದಲ್ಲಿ ಬೆಳೆದದ್ದರಿಂದ ಅವರ ಮಾತು, ಜಾಹೀರಾತು, ಅಲಂಕಾರಗಳಲ್ಲಿ ಹೊಸತನವಿದೆ, ಮೋಲೇಯ ಹದದಲ್ಲಿ ಮಾತ್ರ ಅವರು ತಾಯಿಯ ಅಳತೆಯನ್ನು ಬಿಟ್ಟಿಲ್ಲ.

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಅಥವಾ ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿಬರುವ ಕನ್ನಡಿಗರು ಬಹಳ ಮಂದಿ. ಅವರಲ್ಲಿ ಮಾಂಸಾಹಾರಿಗಳು ಯಾವ ಯೋಚನೆಯೂ ಇಲ್ಲದೆ ಕಪ್ಪು ಮೋಲೇಯ ಕೋಳಿಯನ್ನೂ, ಮೇಜಿನ ಸುತ್ತ ನಾಲ್ವರಿದ್ದರೆ ನಡುವೆ ಒಂದು ತ್ಲಾಯೂದಾವನ್ನೂ ಕೇಳಬಹುದು. ಸಸ್ಯಾಹಾರಿಗಳು ಮೋಲೇಗೆ ಎರೆದಿರುವುದು ಕೋಳಿ ಬೇಯಿಸಿದ ನೀರೇ, ಬೀನ್ಸ್ ಕಾಳು ಮತ್ತು ರೊಟ್ಟಿಗೆ ಹಂದಿಯ ಕೊಬ್ಬು ಸೇರಿದೆಯೇ ಎಂಬುದನ್ನು ಬಡಿಸುವವರಲ್ಲಿ ಮೊದಲೇ ವಿಚಾರಿಸಿ, ಆಸಿಯೆಂತೊ ಸವರದೆ ಚೀಸ್ ಹಾಕಿದ ತ್ಲಾಯೂದಾ ಕೊಡುವಂತೆ ಕೇಳಿಕೊಳ್ಳುವುದು ಒಳ್ಳೆಯದು. ಊಟಕ್ಕೆ ಅವಸರದ ಮಧ್ಯಾಹ್ನವನ್ನು ಆರಿಸಿಕೊಳ್ಳದೆ ಬಿಡುವಿರುವ ಭಾನುವಾರ ಹೋಗಿ, ಪಕ್ಕದ ಮೇಜುಗಳಲ್ಲಿ ಮೂರು ತಲೆಮಾರುಗಳು ಒಟ್ಟಿಗೆ ಕುಳಿತು ಏನನ್ನು ತರಿಸಿಕೊಂಡಿವೆ ಎಂಬುದನ್ನು ಗಮನಿಸಿ, ಅದನ್ನೇ ತರಿಸಿಕೊಂಡು ಉಣ್ಣಬೇಕು.